ಎರಡು ಮಿಲಿಮೀಟರ್

ಪ್ರೊಜೆಕ್ಟರಿನ ಬೆಳಕು ದರ್ಜಿಯ ಬೋಳುತಲೆಯ ಮೇಲೂ ಬೀಳುತ್ತಿದೆ, ಅವನು ಕತ್ತು ತಿರುಗಿಸಿದಾಗಲೆಲ್ಲ ಸ್ಕ್ಯಾನಿನಲ್ಲಿರುವ ಯಾರದೋ ಲಿವರಿನ ಅಂಚು ಅವನ ನೆತ್ತಿಯಿಂದ ಕಿವಿಯವರೆಗೆ ಜಾರಿ ಹೋಗುತ್ತದೆ, ನಗು ಬರುತ್ತಿದೆ, ನಗಬಾರದು, ಈ ಕೋಣೆಯಲ್ಲಿ ನಾನು ನಕ್ಕರೆ ಅದಕ್ಕೂ ಏನೋ ಅರ್ಥ ಇರಬೇಕೆಂದು ಕಿರಿಯ ವೈದ್ಯರು ಮುಖ ಮುಖ ನೋಡಿಕೊಳ್ಳುತ್ತಾರೆ, ಕೆಮ್ಮಿದರೆ ನೀರು ಬರುತ್ತದೆ, ಹುಬ್ಬು ಗಂಟಿಕ್ಕಿದರೆ ಮಾತಾಡುತ್ತಿದ್ದವರು ಅರ್ಧಕ್ಕೆ ನಿಲ್ಲಿಸುತ್ತಾರೆ — ನಿವೃತ್ತಿಯಾದ ಮೇಲೆ ಸಿಕ್ಕ ಮರ್ಯಾದೆ ಇದು, ಕೆಲಸದಲ್ಲಿದ್ದಾಗ ಇದೇ ಕೋಣೆಯಲ್ಲಿ ಬಾಗಿಲ ಪಕ್ಕದ ಕುರ್ಚಿ ನನ್ನದಾಗಿತ್ತು, ಈಗ ಮುಂದಿನ ಸಾಲಿನ ನಟ್ಟನಡುವೆ, ಅದರ ಮೇಲೊಂದು ದಿಂಬು ಬೇರೆ, ಯಾರು ತಂದಿಟ್ಟರೋ, ನನ್ನ ಬೆನ್ನು ಚೆನ್ನಾಗಿಯೇ ಇದೆ. ದರ್ಜಿ ಎಂಬ ಹೆಸರು ಇಟ್ಟವಳು ನಾನೇ, ಆಪರೇಷನ್ ಕೋಣೆಯಲ್ಲಿ ಅಂಚು ಬಿಟ್ಟು ಕತ್ತರಿಸಬೇಕು, ಅಂಚು ಬಿಟ್ಟು ಕತ್ತರಿಸಬೇಕು ಎಂದು ಅವನು ಜಪ ಮಾಡುವುದನ್ನು ಕೇಳಿ, ಈಗ ಅವನು ಶಸ್ತ್ರಚಿಕಿತ್ಸೆಯವರಿಗೆಲ್ಲ ಹಿರಿಯ, ಹೆಸರು ಹಾಗೇ ಉಳಿದಿದೆ. ಪರದೆಯ ಪಕ್ಕದಲ್ಲಿ ನಿಂತು ಓದುತ್ತಿರುವವನು ನನ್ನ ಶಿಷ್ಯ, ಈಗ ನಮ್ಮ ವಿಭಾಗದ ಮುಖ್ಯಸ್ಥ, ಓದುವಾಗ ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಾನೆ, ಪರೀಕ್ಷೆಗೆ ನನ್ನ ಮುಂದೆ ನಿಂತ ದಿನದ ಚಾಳಿ. ಐವತ್ತಾರು ವರ್ಷದ ಗಂಡಸು, ಲಿಫ್ಟ್ ಮೆಕ್ಯಾನಿಕ್, ಕಾಮಾಲೆ, ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ ಗಡ್ಡೆ, ಸೂಜಿ ಹಾಕಿ ತೆಗೆದ ಚೂರಿನಲ್ಲಿ ಬರೀ ನಾರು, ಕ್ಯಾನ್ಸರ್ ಸಿಕ್ಕಿಲ್ಲ, ರಕ್ತದಲ್ಲಿ ಪ್ರತಿಕಾಯದ ಮಟ್ಟ ಜಾಸ್ತಿ, ಹಾಗಾಗಿ ಮೇಡಂ ನಿಯಮದಂತೆ ಎರಡು ವಾರ ಸ್ಟೀರಾಯ್ಡ್ ಕೊಟ್ಟು ಮತ್ತೆ ಸ್ಕ್ಯಾನ್ ಮಾಡಿದ್ದೇವೆ. ಮೇಡಂ ನಿಯಮ. ಮೇಡಂ ಇಲ್ಲೇ ಕೂತಿದ್ದಾಳೆ, ದಿಂಬಿನ ಮೇಲೆ, ಅವಳನ್ನು ಯಾರೂ ಕೇಳುವುದಿಲ್ಲ, ಅವಳ ನಿಯಮವನ್ನು ಕೇಳುತ್ತಾರೆ.

ಆ ನಿಯಮ ಹುಟ್ಟಿದ್ದು ಒಂದು ಸಿಹಿ ಸುದ್ದಿಯಿಂದ ಎಂದು ಇವರಿಗೆ ಯಾರು ಹೇಳಬೇಕು, ಈಜು ಕಲಿಸುವ ಒಬ್ಬ ಹೆಂಗಸು, ಭುಜ ಎಂದರೆ ಭುಜ, ಕಣ್ಣು ಹಳದಿಯಾಗಿ ಬಂದಿದ್ದಳು, ಸ್ಕ್ಯಾನಿನಲ್ಲಿ ಗಡ್ಡೆ, ದರ್ಜಿಯ ಗುರು ಆಪರೇಷನ್ ಮಾಡಿದ, ಗ್ರಂಥಿಯ ತಲೆ, ಅದಕ್ಕೆ ಅಂಟಿಕೊಂಡ ಕರುಳು, ಪಿತ್ತನಾಳ, ಎಲ್ಲ ತೆಗೆದು ಉಳಿದಿದ್ದನ್ನು ಹೊಲಿದ, ವಾರದ ಮೇಲೆ ಪ್ರಯೋಗಾಲಯದಿಂದ ವರದಿ ಬಂತು — ಕ್ಯಾನ್ಸರ್ ಇಲ್ಲ. ವರಾಂಡದಲ್ಲಿ ಅವಳ ಗಂಡ ಸರ್ಜನ್ನನ್ನು ತಬ್ಬಿಕೊಂಡ, ನರ್ಸುಗಳು ಕಣ್ಣೊರೆಸಿಕೊಂಡರು, ಸರ್ಜನ್ ಜೀವದಾನ ಮಾಡಿದವನ ಹಾಗೆ ನಿಂತಿದ್ದ, ನಾನು ಫೈಲು ಹಿಡಿದು ಹಿಂದೆ ನಿಂತವಳು, ಬಾಯಿ ಸುಮ್ಮನಿರಲಿಲ್ಲ, ಕ್ಯಾನ್ಸರ್ ಇರಲಿಲ್ಲ ಅಂದ್ಮೇಲೆ ನಾವು ತೆಗೆದಿದ್ದು ಏನನ್ನ ಸರ್. ಅನುಮಾನ ತೆಗೆದ್ವಿ ಕಣಮ್ಮ, ಎಂದ ಅವನು, ನಗುತ್ತಲೇ. ಅನುಮಾನ — ಕೆಳಗಿನ ಮಹಡಿಯಲ್ಲಿ ಫಾರ್ಮಲಿನ್ ಡಬ್ಬಿಯಲ್ಲಿ ಮುಳುಗಿದ್ದ ಅನುಮಾನವನ್ನು ನಾನು ಹೋಗಿ ನೋಡಿದೆ, ಅಂಗೈ ಅಗಲ ಇತ್ತು. ಆಮೇಲೆ ಆ ಹೆಂಗಸಿಗೆ ಸಕ್ಕರೆ ಕಾಯಿಲೆ, ತಿಂದದ್ದು ಮೈಗೆ ಹತ್ತದು, ಭುಜ ಇಳಿದುಹೋಯಿತು, ಒಂದು ದಿನ ನನ್ನ ಎದುರು ಕೂತು ಬಹಳ ಸಮಾಧಾನದಿಂದ ಹೇಳಿದಳು, ಮುಂಚೆ ನೀರು ನನ್ನನ್ನ ಎತ್ತಿ ಹಿಡೀತಿತ್ತು ಡಾಕ್ಟ್ರೇ, ಈಗ ನಾನೇ ಅದನ್ನ ಹೊರಬೇಕು ಅನ್ಸುತ್ತೆ. ಅವತ್ತಿನಿಂದ ನಾನು ಶುರು ಮಾಡಿದ್ದು, ಕ್ಯಾನ್ಸರ್ ಇಲ್ಲ ಎಂದು ವರದಿ ಬಂದ ಗ್ರಂಥಿಗಳನ್ನೆಲ್ಲ ಪ್ರಯೋಗಾಲಯದ ಕಪಾಟಿನಿಂದ ಹೊರಗೆ ತೆಗೆಸಿ ಮತ್ತೆ ಮೈಕ್ರೋಸ್ಕೋಪಿನಡಿ ಇಟ್ಟೆ, ಒಂದರಲ್ಲೂ ಅದೇ, ಇನ್ನೊಂದರಲ್ಲೂ ಅದೇ, ಗಾಡಿ ಚಕ್ರದ ಕಡ್ಡಿಗಳ ಹಾಗೆ ಸುತ್ತಲೂ ಹರಡಿದ ನಾರು, ನಡುವೆ ಮೈಯ ಕಾವಲುಗಾರ ಕಣಗಳ ಗುಂಪು, ಮೈ ತನ್ನ ಗ್ರಂಥಿಯನ್ನೇ ಶತ್ರು ಎಂದುಕೊಂಡು ಮುತ್ತಿಗೆ ಹಾಕಿದ್ದು, ಕತ್ತರಿ ಬೇಡ, ಸ್ಟೀರಾಯ್ಡ್ ಮಾತ್ರೆ ಸಾಕು ಅದಕ್ಕೆ, ಕರಗುತ್ತದೆ. ಬೇರೆ ದೇಶಗಳಲ್ಲಿ ಬೇರೆಯವರೂ ಅದನ್ನೇ ಕಾಣುತ್ತಿದ್ದರು, ನನಗದು ಗೊತ್ತಿರಲಿಲ್ಲ, ನಮ್ಮವರಿಗೆ ಗೊತ್ತಾಗುವುದು ಬೇಕಿರಲಿಲ್ಲ. ಸಮ್ಮೇಳನದಲ್ಲಿ ನಾನು ಮಾತು ಮುಗಿಸಿದಾಗ ಹಿಂದಿನ ಸಾಲಿನಿಂದ ಒಬ್ಬ ಎದ್ದು, ಮೇಡಂ, ಮಾತ್ರೆಗೆ ಗಡ್ಡೆ ಕರಗುತ್ತೆ ಅಂತೀರಿ, ಜೊತೆಗೆ ಮಂತ್ರ ಯಾವುದು ಅಂತ ಹೇಳಿಬಿಡಿ, ಎಂದ, ಎಲ್ಲರಿಗಿಂತ ಜೋರಾಗಿ ನಕ್ಕವನು ದರ್ಜಿ, ಆಗ ತಲೆತುಂಬ ಕೂದಲಿತ್ತು ಅವನಿಗೆ. ನನಗೆ ಅಳು ಬಂದಿತ್ತೇ, ಇಲ್ಲ, ಸಿಟ್ಟು, ಸಿಟ್ಟಿನಲ್ಲಿ ನನಗೆ ಕೆಲಸ ಚೆನ್ನಾಗಿ ಆಗುತ್ತದೆ. ಮನೆಯಲ್ಲಿ ಅಕ್ಕ, ಒಂದು ಗೇಣು ಮಾಂಸಕ್ಕೆ ಇಡೀ ಜನ್ಮ ಬರ್ಕೊಟ್ಟೆಯಲ್ಲೇ, ಹೃದಯನಾದ್ರೂ ಆಗಿದ್ರೆ ನಾಲ್ಕು ಜನಕ್ಕೆ ಹೇಳ್ಕೊಳ್ಳೋಕೆ ಆಗ್ತಿತ್ತು, ಇದೆಲ್ಲಿದೆ ಅಂತ ತೋರಿಸೋಕೂ ನಂಗೆ ಬರಲ್ಲ, ಎನ್ನುತ್ತಿದ್ದಳು, ಹೊಟ್ಟೆಯ ಹಿಂದೆ ಅಕ್ಕಾ, ಬೆನ್ನಿಗೆ ಆತುಕೊಂಡು, ಎಂದರೆ, ನಿನ್ನ ಹಾಗೇ ಮೂಲೇಲಿ ಕೂತು ಎಲ್ಲರ ಮೇಲೂ ಆಸಿಡ್ ಕಾರುತ್ತೆ ಅನ್ನು, ಎಂದಳು, ಆಸಿಡ್ ಅಲ್ಲ ಅಕ್ಕಾ, ಕ್ಷಾರ, ಎಂದು ನಾನು ತಿದ್ದಿದೆ, ಬಡಿಸುತ್ತಿದ್ದ ಸೌಟು ಹಿಡಿದುಕೊಂಡೇ ಅವಳು ನಕ್ಕಳು. ಕೊನೆಗೆ ನಿಯಮ ಗೆದ್ದಿತು, ಗಡ್ಡೆ ಕಂಡ ಕೂಡಲೇ ಕತ್ತರಿ ಎತ್ತಬೇಡಿ, ಈ ಲಕ್ಷಣಗಳಿದ್ದರೆ ಮೊದಲು ಎರಡು ವಾರ ಮಾತ್ರೆ ಕೊಟ್ಟು ನೋಡಿ, ಈಗ ನಾನು ಹೋಗದ ಊರುಗಳ ಆಸ್ಪತ್ರೆಗಳಲ್ಲೂ ಅದೇ ಮಾಡುತ್ತಾರೆ, ಹೊಟ್ಟೆ ಕೊಯ್ಯದೆ ಮನೆಗೆ ಹೋದವರು ಎಷ್ಟೋ ಮಂದಿ, ಅದನ್ನು ಯಾರೂ ನನ್ನಿಂದ ಕಿತ್ತುಕೊಳ್ಳಲಾರರು.

ಶಿಷ್ಯ ಸುಧಾರಣೆ ಓದುತ್ತಿದ್ದಾನೆ, ಕಾಮಾಲೆ ಇಳಿದಿದೆ, ಪ್ರತಿಕಾಯ ಇಳಿದಿದೆ, ಹಸಿವು ಮರಳಿದೆ, ಗಡ್ಡೆ ಎರಡು ಮಿಲಿಮೀಟರ್ ಕಡಿಮೆಯಾಗಿದೆ, ಹಾಗಾಗಿ ಸ್ಟೀರಾಯ್ಡ್ ಮುಂದುವರಿಸಿ ಮೂರು ತಿಂಗಳಿಗೆ ಮತ್ತೆ ನೋಡುವುದು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಲು ಹೋಗಿ ಸುಮ್ಮನಾದರು. ಹಸಿವು ಮರಳಿದೆ — ಬೆಳಿಗ್ಗೆ ವಾರ್ಡಿನಲ್ಲಿ ನೋಡಿದೆನಲ್ಲ, ಮಂಚದ ಮೇಲೆ ಚಕ್ಕಳಬಕ್ಕಳ ಹಾಕಿ ಕೂತು ಸೂಪು ಕುಡಿಯುತ್ತಿದ್ದ ಮನುಷ್ಯ, ದೊಡ್ಡ ಕೈ, ಬೆರಳ ಗೆರೆಗಳಲ್ಲಿ ಇನ್ನೂ ಗ್ರೀಸು, ಆ ಕೈಯಲ್ಲಿ ಸ್ಟೀಲಿನ ಚಮಚ ಆಟದ ಸಾಮಾನಿನ ಹಾಗೆ, ತುಂಬಿ ತುಂಬಿ ಬಾಯಿಗೆ ಹೋಗುತ್ತಿತ್ತು, ಒಂದು ಹನಿ ಚೆಲ್ಲದ ಹಾಗೆ. ಬನ್ನಿ ಡಾಕ್ಟ್ರಮ್ಮ, ಜನಾನ ಮೇಲಕ್ಕೆ ಕಳಿಸೋದು ನಿಮ್ಮ ಕೆಲಸಾನೂ ಹೌದು ನನ್ನ ಕೆಲಸಾನೂ ಹೌದು, ಆದ್ರೆ ನಾನು ವಾಪಸ್ ಕೆಳಗೂ ಇಳಿಸ್ತೀನಿ, ಎಂದ. ಅವನ ಹೆಂಡತಿ, ಸುಮ್ನಿರಿ, ಅವರ ಹತ್ರ ಏನು ಮಾತು, ಎಂದು ಗದರಿದಳು, ಗದರಿದ ಮುಖದಲ್ಲೇ ಖುಷಿ, ಅವಳು ಆ ಚಮಚದ ಹಿಂದೆಯೇ ಕಣ್ಣು ಓಡಿಸುತ್ತಿದ್ದಳು, ಬಟ್ಟಲಿನಿಂದ ಬಾಯಿಗೆ, ಬಾಯಿಂದ ಬಟ್ಟಲಿಗೆ, ಪ್ರತಿ ಚಮಚಕ್ಕೂ ಗಂಡ ಒಂದಿಷ್ಟು ವಾಪಸು ಬರುತ್ತಿದ್ದಾನೆ ಎಂಬ ಹಾಗೆ. ನಾನು ನಕ್ಕು ಬಂದೆ, ಆಗ ಹೊಸ ಸ್ಕ್ಯಾನ್ ನೋಡಿರಲಿಲ್ಲ. ಈಗ ನೋಡುತ್ತಿದ್ದೇನೆ. ಗ್ರಂಥಿಯ ನಡುವೆ ಹರಿಯುವ ನಾಳ ಗಡ್ಡೆಯ ಹಿಂದೆ ಉಬ್ಬಿಕೊಂಡಿದೆ, ಅಡ್ಡಗಟ್ಟೆಯ ಹಿಂದೆ ನೀರು ನಿಂತ ಕಾಲುವೆಯ ಹಾಗೆ, ಗಡ್ಡೆ ಮುಟ್ಟಿದ ಕಡೆ ಕತ್ತರಿಸಿದ ಹಾಗೆ ನಿಂತುಬಿಟ್ಟಿದೆ, ನನ್ನ ಕಾಯಿಲೆಯಲ್ಲಿ ನಾಳ ಹೀಗೆ ಉಬ್ಬುವುದು ಬಲು ಅಪರೂಪ, ಅದು ಉದ್ದಕ್ಕೂ ಸಣ್ಣಗಾಗುತ್ತದೆ, ನನ್ನ ಕಾಯಿಲೆ — ನಾನು ಕಂಡುಹಿಡಿದದ್ದನ್ನು ಹಾಗೆಂದುಬಿಡುತ್ತೇನೆ, ನನ್ನ ಮಗು ಎನ್ನುವ ಹಾಗೆ. ಕಾಮಾಲೆ ಇಳಿದಿದೆಯಂತೆ, ಮಾತ್ರೆ ಶುರು ಮಾಡಿದ ದಿನವೇ ಪಿತ್ತನಾಳಕ್ಕೆ ಪ್ಲಾಸ್ಟಿಕ್ ಕೊಳವೆ ಹಾಕಿದ್ದೀರಲ್ಲಪ್ಪ, ಕಟ್ಟಿದ ಮೋರಿಗೆ ಪೈಪು ಹಾಕಿದರೆ ನೀರು ಹೋಗದೆ ಏನಾಗುತ್ತದೆ, ಅದರಲ್ಲಿ ಮಾತ್ರೆಯ ಪಾಲೇನು. ಪ್ರತಿಕಾಯ ಸ್ಟೀರಾಯ್ಡ್ ತಿಂದ ಯಾರಲ್ಲಾದರೂ ಇಳಿದೀತು. ಹಸಿವು, ಸ್ಟೀರಾಯ್ಡ್ ಕೊಟ್ಟರೆ ಈ ಮೇಜಿಗೂ ಹಸಿವಾಗುತ್ತದೆ. ನಾನು ಬರೆದ ನಿಯಮದಲ್ಲಿ ಇದೆಲ್ಲ ಇದೆ, ಕೊಳವೆ ಹಾಕಿದ್ದರೆ ಕಾಮಾಲೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ರೋಗಿಯ ಸುಖವನ್ನು ನಂಬಬೇಡಿ, ಗಡ್ಡೆ ಕಣ್ಣಿಗೆ ಕಾಣುವಷ್ಟು ಕರಗಿರಬೇಕು, ಆದರೆ ಇವರ ಕೊರಳಲ್ಲಿ ಗುರುತಿನ ಚೀಟಿಯ ಜೊತೆ ನೇತಾಡುವ, ನಿಯಮ ಚುಟುಕಾಗಿ ಅಚ್ಚಾದ ಪ್ಲಾಸ್ಟಿಕ್ ಕಾರ್ಡಿನಲ್ಲಿ ಅದಕ್ಕೆಲ್ಲ ಜಾಗವಿಲ್ಲ, ಅಲ್ಲಿ ಒಂದು ಬಾಣ, ಸುಧಾರಣೆ ಇದೆಯೇ, ಹೌದು, ಮುಂದುವರಿಸಿ. ನನ್ನ ಇಡೀ ಆಯುಸ್ಸು ಒಂದು ಬಾಣ.

ಎಲ್ಲಿಂದ ಎಲ್ಲಿಗೆ ಅಳೆದೆಯಮ್ಮ, ಎಂದೆ ನಾನು. ಸ್ಕ್ಯಾನಿನ ಹುಡುಗಿ, ಹುಡುಗಿಯೇನು, ಅವಳಿಗೂ ನಲವತ್ತು ದಾಟಿರಬೇಕು, ಮೌಸು ಹಿಡಿದು, ಇಲ್ಲಿಂದ ಇಲ್ಲಿಗೆ ಮೇಡಂ, ಎಂದಳು. ಇನ್ನೊಂದು ಸಲ ಅಳೆ. ಅಳೆದಳು, ಒಂದು ಮಿಲಿಮೀಟರ್ ಕಡಿಮೆ ಬಂತು. ಇನ್ನೊಂದು ಸಲ. ಈ ಸಲ ಒಂದು ಹೆಚ್ಚು. ಯಾರೋ ಹಿಂದೆ ಕಿಸಕ್ಕೆಂದರು, ಅವಳ ಕಿವಿ ಕೆಂಪಾಯಿತು, ಅವಳದೇನೂ ತಪ್ಪಿಲ್ಲ, ಎಲ್ಲರ ಕೈಯೂ ಅಷ್ಟು ನಡುಗುತ್ತದೆ, ಎರಡು ಮಿಲಿಮೀಟರ್ ಎಂದರೆ ಗಡ್ಡೆ ಕರಗಿದ್ದಲ್ಲ, ನಮ್ಮ ಆಸೆಯ ಅಗಲ. ಇದು ಕರಗಿಲ್ಲ, ಕೊಳವೆ ಹಾಕಿ ಕಾಮಾಲೆ ಇಳಿಸಿದ್ದೀರಿ, ಮಾತ್ರೆ ಕೊಟ್ಟು ಹಸಿವು ತರಿಸಿದ್ದೀರಿ, ನಾಳ ನೋಡಿ, ಇವತ್ತಿಗೆ ಸ್ಟೀರಾಯ್ಡ್ ಇಳಿಸೋಕೆ ಶುರು ಮಾಡಿ, ಈ ವಾರವೇ ಆಪರೇಷನ್, ಎಂದೆ. ಶಿಷ್ಯನ ಪೆನ್ನಿನ ಮುಚ್ಚಳ ನಿಂತಿತು. ಮೇಡಂ, ನೀವೇ ಅಲ್ವಾ ಹೇಳಿಕೊಟ್ಟಿದ್ದು, ಅನುಮಾನಕ್ಕೆ ಕತ್ತರಿ ಹಾಕಬಾರದು ಅಂತ, ಎಂದ, ದನಿಯಲ್ಲಿ ಎದುರುತ್ತರ ಇರಲಿಲ್ಲ, ನೋವಿತ್ತು, ಅದು ಇನ್ನೂ ಕಷ್ಟ. ನಾನೇ ಕಣಪ್ಪ, ಅನುಮಾನಕ್ಕೆ ಮಾತ್ರೆ ಕೊಟ್ಟುಕೊಂಡು ಕೂರು ಅಂತ ಹೇಳಿಕೊಟ್ಟಿಲ್ಲ. ನಿಯಮದ ಪ್ರಕಾರ — ಎಂದ. ನಿಯಮ ಬರೆದವಳು ಇನ್ನೂ ಸತ್ತಿಲ್ಲ, ಎಂದೆ ನಾನು, ಸ್ವಲ್ಪ ಜೋರಾಯಿತೇನೋ, ಆಗಲಿ. ದರ್ಜಿ ನಿಧಾನವಾಗಿ ಕುರ್ಚಿ ತಿರುಗಿಸಿದ, ತಲೆಯ ಮೇಲೆ ಈಗ ಬೆನ್ನುಮೂಳೆಯ ಒಂದು ಗಂಟು, ಏನ್ ತಾಯಿ, ನನ್ನ ಕಿವಿ ಕೆಟ್ಟಿದೆಯೋ ಏನೋ, ಕತ್ತರಿ ಹಿಡಿ ಅಂತ ನನಗೆ ನೀವು ಹೇಳಿದ್ರಾ, ಇದನ್ನ ಒಂಚೂರು ಬರೆದು ಸಹಿ ಹಾಕಿ ಕೊಡಿ, ಫ್ರೇಮು ಹಾಕಿಸ್ತೀನಿ. ಮೊದಲು ನಿಮ್ಮ ಕೈ ನಡುಗುತ್ತಾ ಹೇಳಿ ಡಾಕ್ಟ್ರೇ, ಆಮೇಲೆ ಫ್ರೇಮು, ಎಂದೆ. ಅವನು ಎರಡೂ ಕೈ ಮುಂದೆ ಚಾಚಿ ಬೆಳಕಿಗೆ ಹಿಡಿದ, ನಡುಗಲಿಲ್ಲ, ಎಲ್ಲರೂ ನಕ್ಕರು, ನಗು ಮುಗಿದ ಮೇಲೆ ಅವನು ಆ ಕೈ ಇಳಿಸದೆ ಮೆಲ್ಲಗೆ ಕೇಳಿದ, ತೆಗೆದು ನೋಡಿದಾಗ ಕ್ಯಾನ್ಸರ್ ಇಲ್ಲ ಅಂದ್ರೆ. ಕಿಲಾಡಿ, ಅದನ್ನೇ ಕೇಳಬೇಕಿತ್ತು, ಅದನ್ನು ಕೇಳುವ ಹಕ್ಕು ಈ ಕೋಣೆಯಲ್ಲಿ ಇದ್ದದ್ದು ಅವನಿಗೊಬ್ಬನಿಗೇ. ಕ್ಯಾನ್ಸರ್ ಇಲ್ಲ ಎಂದು ಬಂದರೆ ನಾನೂ ಅನುಮಾನ ತೆಗೆದವಳು, ಇಷ್ಟು ವರ್ಷ ಯಾರ ಮೇಲೆ ಹಲ್ಲು ಕಡಿದೆನೋ ಅವರದೇ ಸಾಲಿಗೆ, ಮುಂದಿನ ಸಮ್ಮೇಳನದಲ್ಲಿ ಅವರೇ ಎದ್ದು ನಿಂತು ಕೇಳುತ್ತಾರೆ, ಮೇಡಂ ಮಂತ್ರ ಮರೆತುಹೋಯ್ತಾ. ಕೇಳಲಿ. ಸಾಧ್ಯತೆ ಇದೆ, ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ, ಆ ನಾಳ ನನಗೆ ಹತ್ತರಲ್ಲಿ ಒಂಬತ್ತು ಪಾಲು ಕ್ಯಾನ್ಸರ್ ಎಂದು ಹೇಳುತ್ತಿದೆ, ಹತ್ತನೆಯದು ಹೇಳುತ್ತಿಲ್ಲ. ಆದರೆ ಗಡ್ಡೆಗೂ ಪಕ್ಕದ ದೊಡ್ಡ ರಕ್ತನಾಳಕ್ಕೂ ನಡುವೆ ಒಂದು ತೆಳು ಕಪ್ಪು ಗೆರೆ ಉಳಿದಿದೆ, ಕೊಬ್ಬಿನ ಗೆರೆ, ಅದಿರುವವರೆಗೆ ದರ್ಜಿ ಅಂಚು ಬಿಟ್ಟು ಕತ್ತರಿಸಬಲ್ಲ, ಮೂರು ತಿಂಗಳು ಮಾತ್ರೆ ತಿನ್ನಿಸಿ ಕೂತರೆ ಆ ಗೆರೆ ಹೋಗಿರುತ್ತದೆ, ಆಮೇಲೆ ಯಾರ ಕೈ ನಡುಗದಿದ್ದರೂ ಒಂದೇ. ಕ್ಯಾನ್ಸರ್ ಇಲ್ಲ ಅಂತ ಬಂದ್ರೆ ನನ್ನ ಹೆಸರು ಹಾಕಿ ವರದಿ ಬರೀರಿ, ನಾನೇ ಸಮ್ಮೇಳನದಲ್ಲಿ ಓದ್ತೀನಿ, ಎಂದೆ. ಅಷ್ಟು ಬೇಗ ನಿಮ್ಮನ್ನ ಬಿಡಲ್ಲ ತಾಯಿ, ಎಂದ ದರ್ಜಿ, ಸ್ಕ್ಯಾನಿನ ಕಡೆ ತಿರುಗಿ ಆ ಕಪ್ಪು ಗೆರೆಯನ್ನು ಬೆರಳಿಂದ ಗಾಳಿಯಲ್ಲಿ ಎಳೆದ, ಒಂದು ಸಲ, ಇನ್ನೊಂದು ಸಲ, ಗುರುವಾರ ಟೇಬಲ್ ಖಾಲಿ ಇದೆ, ಎಂದ.

ಹಾಗೆ ಮುಗಿಯಿತು, ಯಾರೂ ಸೋತ ಹಾಗೆ ಕಾಣಲಿಲ್ಲ, ಶಿಷ್ಯನೊಬ್ಬನನ್ನು ಬಿಟ್ಟು, ಅವನು ನನ್ನ ಹಿಂದೆಯೇ ವರಾಂಡಕ್ಕೆ ಬಂದ, ಮೇಡಂ, ನಾನೇ ಹೋಗಿ ಹೇಳ್ತೀನಿ, ನಿನ್ನೆ ಅವರಿಗೆ ಕ್ಯಾನ್ಸರ್ ಇರಲಾರದು ಅಂದವನು ನಾನು. ಕೊರಳಲ್ಲಿ ಕಾರ್ಡು ತಿರುಗಿಕೊಂಡು ಬಿಳಿ ಬೆನ್ನು ಕಾಣುತ್ತಿತ್ತು. ಅವನ ಮೇಲೆ ನನಗೆ ಸಿಟ್ಟಿಲ್ಲ, ಒಳ್ಳೆಯ ವೈದ್ಯ, ನನಗಿಂತ ಮೆತ್ತನೆಯ ಕೈ, ಮಾಡಿದ ತಪ್ಪು ಎಂದರೆ ನನ್ನನ್ನು ನಂಬಿದ್ದು, ನನ್ನ ಗುರುಗಳನ್ನು ನಾನು ಒಂದು ದಿನವೂ ನಂಬಲಿಲ್ಲ, ಅದೊಂದನ್ನು ಮಾತ್ರ ಇವನಿಗೆ ಕಲಿಸಲಾಗಲಿಲ್ಲ, ನಿಯಮ ಕಲಿಸಬಹುದು, ನಿಯಮದ ಎದುರು ತಿರುಗಿ ಬೀಳುವುದನ್ನು ಯಾವ ಪಾಠದಲ್ಲಿ ಸೇರಿಸುವುದು. ನೀನು ಬೇಡ, ನಿನ್ನ ಬಾಯಲ್ಲಿ ಎರಡೆರಡು ಮಾತು ಕೇಳಿದ್ರೆ ಅವರು ಗುರುವಾರ ಕತ್ತಿ ಕೆಳಗೆ ಹೇಗೆ ಮಲಗ್ತಾರೆ, ನಿಯಮ ನಂದು, ಬೈಗಳೂ ನಂದೇ, ಎಂದೆ, ಮೊದಲು ಆ ಕಾರ್ಡ್ ಕತ್ತಿನಿಂದ ತೆಗಿ. ಅವನು ತೆಗೆದು ಜೇಬಿಗೆ ಹಾಕಿಕೊಂಡ, ಎಸೆಯಲಿಲ್ಲ, ಪರವಾಗಿಲ್ಲ, ಜೇಬಿನಲ್ಲಿದ್ದರೆ ತೆಗೆದು ನೋಡುವ ಮೊದಲು ಅರೆಗಳಿಗೆ ಯೋಚಿಸಿಯಾನು. ಲಿಫ್ಟಿನೊಳಗೆ ಕನ್ನಡಿ, ಅದರಲ್ಲಿ ಒಬ್ಬ ಮುದುಕಿ, ಮೂಗಿನ ಎರಡೂ ಪಕ್ಕ ಕನ್ನಡಕದ ಗುರುತು, ಇವಳು ಕೇಳದೆ ಇವಳ ಹೆಸರು ಊರೂರು ಸುತ್ತಿತು, ಎಷ್ಟು ಕೋಣೆಗಳಲ್ಲಿ ಈ ಹೊತ್ತಿಗೆ ಯಾರ್ಯಾರು ಮೇಡಂ ನಿಯಮ ಎಂದು ಓದುತ್ತಿರಬಹುದು, ಎಷ್ಟು ಕಡೆ ಎರಡು ಮಿಲಿಮೀಟರಿಗೆ ಚಪ್ಪಾಳೆ ಬೀಳುತ್ತಿರಬಹುದು — ಬರೆಯಬೇಕು, ಇವತ್ತೇ, ಹೊಸದಾಗಿ, ಕೊಳವೆಯ ಮಾತನ್ನು ಮೊದಲ ಸಾಲಿಗೆ ತಂದು, ಬಾಣವೇ ಇಲ್ಲದ ಹಾಗೆ, ಕಾರ್ಡಿನಲ್ಲಿ ಹಿಡಿಸದಷ್ಟು ಉದ್ದಕ್ಕೆ ಬರೆಯಬೇಕು, ಓದಲು ಬೇಜಾರಾಗಲಿ, ಬೇಜಾರಾದರೆ ಸ್ಕ್ಯಾನನ್ನಾದರೂ ನೋಡಿಯಾರು. ಅಕ್ಕ ಇದ್ದಿದ್ದರೆ, ನೀನೇ ಕಟ್ಟಿದ್ದನ್ನ ನೀನೇ ಕೆಡವ್ತೀಯಲ್ಲೇ, ಯಾವ ಜಾತಿ ಹುಚ್ಚು ಇದು, ಎನ್ನುತ್ತಿದ್ದಳು. ಕೆಡವುತ್ತಿಲ್ಲ ಅಕ್ಕಾ, ನನ್ನ ಮನೆಯಲ್ಲಿ ನಾನಿರುವಾಗಲೇ ಬೇರೆಯವರು ನನ್ನ ಫೋಟೋಗೆ ಹಾರ ಹಾಕಿ ಸಂಸಾರ ನಡೆಸುತ್ತಿದ್ದಾರೆ, ಹಾರ ತೆಗೆಯುತ್ತಿದ್ದೇನೆ, ಅಷ್ಟೇ. ಬಾಗಿಲು ತೆರೆದು ವಾರ್ಡಿನ ವಾಸನೆ, ಫಿನಾಯಿಲು, ಬೇಯಿಸಿದ ತರಕಾರಿ, ಒದ್ದೆ ನೆಲ, ನರ್ಸು ಎದ್ದು ನಿಂತಳು, ಕೂತ್ಕೋಮ್ಮ, ಲಿಫ್ಟ್ ಮೆಕ್ಯಾನಿಕ್ ಮನೆಯವರು ಇದ್ದಾರಾ, ಎಂದೆ, ಇದ್ದಾರೆ ಮೇಡಂ, ಊಟ ಮಾಡಿಸ್ತಿದ್ದಾರೆ.

ಕಿಟಕಿಯ ಪಕ್ಕದ ಮಂಚ, ಮಧ್ಯಾಹ್ನದ ಬಿಸಿಲು ಚಾದರದ ಮೇಲೆ ಅರ್ಧಕ್ಕೆ ಬಂದಿದೆ, ಅವನು ಬೆಳಿಗ್ಗೆಯ ಹಾಗೆಯೇ ಚಕ್ಕಳಬಕ್ಕಳ ಹಾಕಿ ಕೂತಿದ್ದಾನೆ, ಮಡಿಲಲ್ಲಿ ಬಟ್ಟಲು, ನನ್ನನ್ನು ಕಂಡು ಚಮಚ ಎತ್ತಿ ಸಲಾಮು ಹೊಡೆದ, ಬನ್ನಿ ಬನ್ನಿ, ಇದು ಎರಡನೇ ಬಟ್ಟಲು, ನಿಮ್ಮ ಕ್ಯಾಂಟೀನ್ ಮುಚ್ಚಿಸಿಯೇ ನಾನು ಮನೆಗೆ ಹೋಗೋದು. ಹೆಂಡತಿ ಎದ್ದು ಸ್ಟೂಲನ್ನು ಸೆರಗಿನಿಂದ ಒರೆಸಿ ಕೊಟ್ಟಳು, ಕೂತೆ, ನಿಂತು ಹೇಳಬಾರದು ಇಂಥದ್ದನ್ನು, ಅದೂ ನಿಯಮವೇ, ಅದನ್ನು ಯಾರೂ ಕಾರ್ಡಿನಲ್ಲಿ ಹಾಕಲಿಲ್ಲ. ಸುತ್ತಿ ಬಳಸಿ ಹೇಳಲೇ, ಬೇಡ, ಲಿಫ್ಟಿನ ಕೇಬಲ್ಲು ಸವೆದಿದ್ದರೆ ಇವನು ಕಟ್ಟಡದವರಿಗೆ ಸುತ್ತಿ ಬಳಸಿ ಹೇಳುತ್ತಾನೆಯೇ, ಗಡ್ಡೆ ಕರಗಿಲ್ಲ, ಎಂದೆ, ಮಾತ್ರೆಗೆ ಕರಗುವ ಜಾತಿ ಅಲ್ಲ ಅಂತ ನನಗೆ ಅನಿಸುತ್ತೆ, ತೆಗೀಬೇಕು, ಗುರುವಾರ. ಹಸಿವಾಗ್ತಿದೆಯಲ್ಲ ಡಾಕ್ಟ್ರಮ್ಮ, ಎಂದಳು ಹೆಂಡತಿ, ಅದನ್ನೊಂದು ಸಾಕ್ಷಿಯ ಹಾಗೆ ನನ್ನ ಮುಂದಿಟ್ಟು, ಎರಡು ತಿಂಗಳಿಂದ ಒಂದು ತುತ್ತು ಸೇರ್ತಿರಲಿಲ್ಲ, ಈಗ ನೋಡಿ ಹೆಂಗೆ ತಿಂತಾರೆ. ಆ ಹಸಿವು ಮಾತ್ರೆದು ಕಣಮ್ಮ. ಅವಳು ಬಟ್ಟಲು ನೋಡಿದಳು, ಅದರಲ್ಲಿ ಯಾರೋ ಏನೋ ಬೆರೆಸಿದ್ದಾರೆ ಎನ್ನುವ ಹಾಗೆ, ನಾನು ಹೀಗೆ ಹೇಳಬಾರದಿತ್ತೇ, ಇಲ್ಲ, ಹೇಳಬೇಕಿತ್ತು, ಸುಳ್ಳು ಹಸಿವಿನ ಮೇಲೆ ಇವರು ಇನ್ನೊಂದು ದಿನ ಬದುಕುವುದು ಬೇಡ. ಅವನ ನಗುತ್ತಿದ್ದ ಮುಖ ಇನ್ನೂ ಪೂರ್ತಿ ಇಳಿದಿರಲಿಲ್ಲ, ಕೆಲಸ ನಿಂತ ಯಂತ್ರದಲ್ಲಿ ಚಕ್ರ ಇನ್ನೂ ಸ್ವಲ್ಪ ತಿರುಗುವ ಹಾಗೆ, ಮತ್ತೆ ಮೆಲ್ಲಗೆ, ಆ ಡಾಕ್ಟ್ರು ಹೇಳಿದ್ರು, ಇದಕ್ಕೊಂದು ನಿಯಮ ಇದೆ, ಕ್ಯಾನ್ಸರ್ ಇರಲ್ಲ ಅಂತ, ಅದನ್ನ ಬರೆದವರು ತುಂಬ ದೊಡ್ಡವರಂತೆ, ಎಂದ. ನಾನೇ ಬರೆದಿದ್ದು, ನಿಮ್ಮ ವಿಷಯದಲ್ಲಿ ಅದು ನಡೆಯಲ್ಲ. ಈಗಲಾದರೂ ಬಯ್ಯಬಹುದು ಇವನು, ಬಯ್ಯಲಿ, ನಾನು ಸಿದ್ಧಳಾಗಿಯೇ ಬಂದಿದ್ದೇನೆ, ಸಮ್ಮೇಳನಗಳನ್ನು ಕಂಡವಳು, ನಕ್ಕವರನ್ನೆಲ್ಲ ಕೂತು ನೋಡಿದವಳು, ತಲೆ ತಗ್ಗಿಸುವುದಿಲ್ಲ, ಎದ್ದು ಹೋಗುವುದಿಲ್ಲ, ಇವನು ಎಷ್ಟು ಹೊತ್ತು ಕೇಳುತ್ತಾನೋ ಅಷ್ಟು ಹೊತ್ತು ಉತ್ತರ ಕೊಡುತ್ತೇನೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತೇನೆ, ತೆಗೆದರೆ ಏನು ಉಳಿಯುತ್ತದೆ ಏನು ಹೋಗುತ್ತದೆ ಎಂದು ಈ ಚಾದರದ ಮೇಲೆ ಬೆರಳಲ್ಲಿ ಬರೆದು ತೋರಿಸುತ್ತೇನೆ, ಕೇಳಪ್ಪ, ಏನಾದರೂ ಕೇಳು — ಬಟ್ಟಲಿನಿಂದ ಅವನು ಎತ್ತಿದ್ದ ಚಮಚ ಅಲ್ಲೇ ನಿಂತಿದೆ, ತುಂಬಿದ ಚಮಚ, ಬಟ್ಟಲಿಗೂ ಬಾಯಿಗೂ ನಡುವೆ, ಗ್ರೀಸಿನ ಬೆರಳುಗಳಲ್ಲಿ, ಕೆಳಗೂ ಇಳಿಯದೆ ಮೇಲೂ ಹೋಗದೆ, ಹೆಂಡತಿಯ ಕಣ್ಣು ಅದರ ಮೇಲೆ, ನನ್ನ ಕಣ್ಣೂ, ಅಂಚಿನವರೆಗೆ ತುಂಬಿದೆ, ಒಂದು ಹನಿ ಚೆಲ್ಲುತ್ತಿಲ್ಲ, ಆ ಚಮಚ —